ಬೆನ್ಸಾ, ವೋ

24 ಜೂನ್ 2024, ಸೋಮವಾರ
ಬೆಲೊ ಹೊರಿಜೋಂಟೆ, ಬ್ರೆಜಿಲ್

ಇವತ್ತು ಇಲ್ಲಿ ಸಂತ ಜಾನರ ಹಬ್ಬ. ನಮ್ಮ ಕಡೆ ಮಳೆ, ಇಲ್ಲಿ ಚಳಿ. ಬೆಳಿಗ್ಗೆಯಿಂದ ತಲೆನೋವಿತ್ತು, ಬರೆಯುವುದೇ ಬೇಡ ಅಂದುಕೊಂಡಿದ್ದೆ.

ಸಂಜೆ ಪಕ್ಕದ ಮನೆ ಅಜ್ಜಿಗೆ ಬಟ್ಟಲು ವಾಪಸ್ ಕೊಡಲು ಹೋದೆ. ನಿನ್ನೆ ಅದರಲ್ಲಿ ಕಂಜಿಕಾ ಕಳಿಸಿದ್ದರು. ಬಿಳಿ ಮೆಕ್ಕೆಜೋಳವನ್ನು ನೆನೆಸಿ, ಹಾಲು ಸಕ್ಕರೆ ಹಾಕಿ ಬೇಯಿಸಿ, ಮೇಲೆ ಚಕ್ಕೆ ಪುಡಿ ಉದುರಿಸಿದ್ದು. ಕಡಲೆಬೀಜವೂ ಇತ್ತು. ಪಾಯಸವೇ ಅನ್ನಿ. ಖಾಲಿ ಬಟ್ಟಲು ಹೇಗೆ ಕೊಡೋದು? ನಾಲ್ಕು ಚಕ್ಕುಲಿ ಹಾಕಿಕೊಂಡೆ. ಅಜ್ಜಿ ನೋಡಿ ನಕ್ಕರು. ಅವರ ಅಮ್ಮನೂ ಖಾಲಿ ಪಾತ್ರೆ ವಾಪಸ್ ಕಳಿಸಲು ಬಿಡುತ್ತಿರಲಿಲ್ಲವಂತೆ.

ಅಷ್ಟರಲ್ಲಿ ಪುಟ್ಟ ನನ್ನನ್ನು ದಾಟಿ ಒಳಗೆ ಓಡಿದ. ಅಜ್ಜಿಯ ಮುಂದೆ ನಿಂತು ಬಲಗೈ ಚಾಚಿ, "ಬೆನ್ಸಾ, ವೋ" ಅಂದ. ಅವರು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ದೇವ್ಸ್ ಚಿ ಅಬೆನ್ಸೋಯ್" ಅಂದರು. ಆಶೀರ್ವಾದ ಮಾಡಜ್ಜಿ ಅಂತ ಇವನು, ದೇವರು ಒಳ್ಳೇದು ಮಾಡಲಿ ಅಂತ ಅವರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇದನ್ನು ನಾನು ಕಲಿಸಿದ್ದಲ್ಲ.

ಅಜ್ಜಿಯ ಮೊಮ್ಮಗಳು ಬಂದಾಗ ನೋಡಿ ಕಲಿತಿದ್ದಾನೆ. ಈ ಊರಲ್ಲಿ ಈಗ ಎಲ್ಲ ಮಕ್ಕಳೂ ಹೀಗೆ ಕೇಳುವುದಿಲ್ಲ. ಅಜ್ಜಿ ಬೆಳೆದದ್ದು ಸೆಹೋ ಕಡೆ, ಈ ಮಿನಾಸ್ ರಾಜ್ಯದಲ್ಲಿ ಚೀಸಿಗೆ ಹೆಸರಾದ ಊರು. ಅಲ್ಲಿ ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಮಲಗುವ ಮುಂಚೆ, ಅಪ್ಪ ಅಮ್ಮ ಅಜ್ಜ ಅಜ್ಜಿ ಎಲ್ಲರ ಹತ್ತಿರವೂ ಕೇಳಲೇಬೇಕಿತ್ತಂತೆ. ಎಷ್ಟೇ ಜಗಳವಾಡಿದ್ದರೂ ಬಿಡುವಂತಿರಲಿಲ್ಲ. ಈಗ ಮೊಮ್ಮಗಳು ಸಾವೊ ಪೌಲೊದಲ್ಲಿ ಓದುತ್ತಿದ್ದಾಳೆ, ವಾಟ್ಸಾಪಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾಳೆ.

"ಕೆಲವು ದಿನ ಅವಳು ಮರೀತಾಳೆ" ಅಂದರು ಅಜ್ಜಿ.

"ಆಗ ಏನು ಮಾಡ್ತೀರಿ?"

"ಕೇಳದಿದ್ರೂ ಕಳಿಸ್ತೀನಿ. ನನ್ನ ಹತ್ರ ಇಟ್ಕೊಂಡು ಏನು ಮಾಡ್ಲಿ?"

ನನಗೆ ಮಾತೇ ಹೊರಡಲಿಲ್ಲ. ಬಟ್ಟೆ ಸೋಸಣಿಗೆಯಲ್ಲಿ ಕಾಫಿ ಇಳಿಯುವುದನ್ನೇ ನೋಡುತ್ತ ಕೂತೆ. ಪಾವ್ ಜಿ ಕೇಜು ಬಿಸಿಬಿಸಿ ತಟ್ಟೆಗೆ ಬಂತು. ಮರಗೆಣಸಿನ ಹಿಟ್ಟಿಗೆ ಚೀಸ್ ಕಲಸಿ ಸುಡುವ ಈ ಉಂಡೆ ಇಲ್ಲದೆ ಮಿನಾಸ್‌ನಲ್ಲಿ ಕಾಫಿ ಕುಡಿಯುವುದು ಹೇಗೆ ಅಂತ ನನಗೀಗ ಮರೆತೇ ಹೋಗಿದೆ. ಹೊರಟೆ ಅಂದರೆ "ಇನ್ನೂ ಹೊತ್ತಾಗಿಲ್ಲ, ಕೂತ್ಕೋ" ಅಂತಾರೆ. ಬಾಗಿಲ ಹತ್ತಿರ ಇನ್ನರ್ಧ ಗಂಟೆ ಮಾತು.

ಶನಿವಾರ ಶಾಲೆಯ ಹಬ್ಬ ಚೆನ್ನಾಗಿತ್ತು. ಚೌಕಳಿ ಅಂಗಿ, ಹುಲ್ಲಿನ ಟೋಪಿ, ಕಾಡಿಗೆಯಲ್ಲಿ ಬರೆದ ಮೀಸೆ. ಕ್ವಾಡ್ರಿಲ್ಯಾ ಕುಣಿತದಲ್ಲಿ "ಹಾವು ಬಂತು!" ಅಂತ ಕೂಗಿದಾಗ ಎಲ್ಲರೂ ಹಿಂದಕ್ಕೆ ತಿರುಗಬೇಕು, "ಸುಳ್ಳು!" ಅಂದಾಗ ಮತ್ತೆ ಮುಂದಕ್ಕೆ. ಪುಟ್ಟ ನಿಜವಾಗಿಯೂ ಹಾವು ಹುಡುಕುತ್ತಿದ್ದ. ಫೋಟೋ ಅಮ್ಮನಿಗೆ ಕಳಿಸಿದ್ದೇನೆ.

ಅಮ್ಮನ ಫೋನ್ ಬಂದಾಗ ಇವನು "ಹಾಯ್ ಅಜ್ಜಿ" ಅಂದು ಓಡಿಬಿಡುತ್ತಾನೆ. ಅಮ್ಮ ಒಂದು ಮಾತೂ ಆಡಿಲ್ಲ. ಆದರೆ ನನಗೆ ಗೊತ್ತಾಗುತ್ತದೆ. ಹೋದ ಸಲ ಶಿವಮೊಗ್ಗಕ್ಕೆ ಹೋದಾಗ ನಮಸ್ಕಾರ ಮಾಡು ಅಂದಿದ್ದಕ್ಕೆ ನನ್ನ ಹಿಂದೆ ಅಡಗಿಕೊಂಡಿದ್ದ. ಇಲ್ಲಿ ಯಾರೂ ಹೇಳದೆ ಕೈ ಚಾಚುತ್ತಾನೆ. ಖುಷಿಪಡಲೋ, ಹೊಟ್ಟೆಕಿಚ್ಚು ಪಡಲೋ ಗೊತ್ತಾಗುತ್ತಿಲ್ಲ.

ಮೆಟ್ಟಿಲು ಹತ್ತುವಾಗ ಕೇಳಿದ, "ಅಮ್ಮಾ, ದೇವ್ಸ್ ಅಂದ್ರೆ ದೇವರೇ ಅಲ್ವಾ?"

ಹೌದು ಅಂದೆ.

"ಹಾಗಾದ್ರೆ ನಮ್ಮಜ್ಜಿಗೂ ಬೆನ್ಸಾ ಗೊತ್ತಾ?"

ಈಗ ರಾತ್ರಿ ಎಂಟೂವರೆ. ಎಲ್ಲೋ ಪಟಾಕಿ ಸದ್ದು. ಅಲ್ಲಿ ಬೆಳಗಿನ ಐದು ಗಂಟೆ, ಅಮ್ಮ ಎದ್ದು ಹಾಲು ಕಾಯಿಸುತ್ತಿರುತ್ತಾಳೆ. ಪುಟ್ಟ ಇನ್ನೂ ಮಲಗಿಲ್ಲ. ಈಗಲೇ ಫೋನ್ ಮಾಡಿದರೆ