ಪಂಪ್ ಹೋಗಿಲ್ಲ, ಏರ್ ಹಿಡಿದಿದೆ

ಪವರ್ ಸ್ಟೇರಿಂಗ್ ಕುಂಯ್‌ಗುಟ್ಟಲು ಶುರುವಾದರೆ ಕೇಳಿದವರೆಲ್ಲ ಹೇಳುವುದು ಒಂದೇ: ಆಯಿಲನ್ನು ಒತ್ತಡದಲ್ಲಿ ತಳ್ಳಿ ಸ್ಟೇರಿಂಗ್ ಹಗುರ ಮಾಡುವ ಪಂಪ್ ಹೋಯ್ತು. ಕೋಲಾರದ ಟೊಮೆಟೊ ಮಂಡಿಯಲ್ಲಿ ನಮ್ಮ ಹಳೆಯ ಪಿಕಪ್‌ಗೂ ಅದೇ ತೀರ್ಪು ಸಿಕ್ಕಿತು. ಕ್ರೇಟ್ ತುಂಬಿದ ಗಾಡಿಯನ್ನು ರಿವರ್ಸ್ ಹಾಕುವಾಗ ಸ್ಟೇರಿಂಗ್ ಒಮ್ಮೆ ಹಗುರ, ಒಮ್ಮೆ ಬಿಗಿ. ಸ್ಟೇರಿಂಗ್ ಆಯಿಲ್ ತುಂಬುವ ಡಬ್ಬಿಯ ಮುಚ್ಚಳ ತೆಗೆದರೆ ಕೆಂಪಗಿರಬೇಕಾದ ಆಯಿಲ್ ಗುಲಾಬಿ ನೊರೆಯಾಗಿ ತಳ ಹಿಡಿದಿತ್ತು. ನೊರೆ ಕಂಡ ಮೇಲೆ ನಾನು ಪಂಪನ್ನು ದೂರಲಿಲ್ಲ. ಎಲ್ಲೋ ಸೋರಿ, ಆಯಿಲ್ ಇಳಿದು, ಆ ಜಾಗಕ್ಕೆ ಗಾಳಿ ಹೊಕ್ಕಿದೆ. ಆಯಿಲ್ ಒತ್ತಿದರೆ ಕುಗ್ಗದೆ ಬಲವನ್ನು ಮುಂದಕ್ಕೆ ದಾಟಿಸುತ್ತದೆ, ಗಾಳಿ ಕುಗ್ಗಿಬಿಡುತ್ತದೆ.

ಸೋರುತ್ತಿದ್ದುದು ಪಂಪಿನಿಂದ ಒತ್ತಡದ ಆಯಿಲ್ ಒಯ್ಯುವ ಪ್ರೆಷರ್ ಪೈಪು, ರಬ್ಬರು ಕಬ್ಬಿಣಕ್ಕೆ ಕೂಡುವ ಕಡೆ. ಇಂಜಿನ್ ಓಡುವಾಗ ಅಲ್ಲಿ ಬೆರಳಾಡಿಸಬಾರದು. ಎಳೆಯಾಗಿ ಚಿಮ್ಮುವ ಆಯಿಲ್ ಚರ್ಮವನ್ನೇ ತೂರಿ ಒಳಹೋಗಬಲ್ಲದು. ರಟ್ಟಿನ ಚೂರು ಹಿಡಿದು ನೋಡಬೇಕು. ಹೊಸ ಪೈಪಿನ ಜೊತೆ ತಾಮ್ರದ ವಾಷರ್‌ಗಳನ್ನೂ ಹೊಸದಾಗಿಯೇ ಹಾಕಿದೆ.

ತಾಳ್ಮೆ ಬೇಡುವ ಕೆಲಸ ಆಮೇಲಿನದು, ಒಳಹೊಕ್ಕ ಗಾಳಿಯನ್ನು ಹೊರತೆಗೆಯುವುದು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆವು. ತಮ್ಮ ಸೆಲ್ಫ್ ಹೊಡೆಯಲು ಹೋದ.

"ಬೇಡಪ್ಪ, ಇಂಜಿನ್ ಆಫೇ ಇರಲಿ. ಲಾಕ್ ಬಿಡಿಸಿ ಸ್ಟೇರಿಂಗ್ ತಿರುಗಿಸು, ನಿಧಾನಕ್ಕೆ."

"ಸ್ಟಾರ್ಟ್ ಮಾಡಿದ್ರೆ ಬೇಗ ಆಗಲ್ವೇನಣ್ಣ?"

ಆಗುವುದಿಲ್ಲ. ಮಜ್ಜಿಗೆ ಕಡೆದಂತೆ ಪಂಪ್ ಗಾಳಿಯನ್ನೂ ಆಯಿಲನ್ನೂ ಕಡೆದುಬಿಡುತ್ತದೆ; ಆ ನೊರೆ ಇಳಿಯಲು ಬಹಳ ಹೊತ್ತು ಬೇಕು. ಅವನು ಎಡದ ಕೊನೆಯಿಂದ ಬಲದ ಕೊನೆಗೆ ತಿರುಗಿಸುತ್ತಾ ಹೋದ, ನಾನು ಡಬ್ಬಿಯ ಬಳಿ ನಿಂತೆ. ಗುಳ್ಳೆಗಳು ಬುಳಬುಳನೆ ಬಂದವು, ಆಯಿಲ್ ಇಳಿಯಿತು, ಮತ್ತೆ ಸುರಿದೆ. ಗಾಡಿಗೆ ಹೇಳಿದ ಆಯಿಲನ್ನೇ ಸುರಿಯಬೇಕು. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಒಳಗಿನ ರಬ್ಬರ್ ಸೀಲುಗಳೇ ಹಾಳಾಗುತ್ತವೆ.

ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿಸಿ ಮತ್ತೆ ಹಾಗೆಯೇ ತಿರುಗಿಸಿದೆವು. ಕೊನೆ ಮುಟ್ಟಿದಲ್ಲಿ ಹಿಡಿದು ನಿಲ್ಲಿಸಲು ಬಿಡಲಿಲ್ಲ. ಅಲ್ಲಿ ಒತ್ತಡ ಏರಿ ಆಯಿಲ್ ಬಿಸಿಯಾಗುತ್ತದೆ. ಕುಂಯ್‌ಗುಡುವುದು ಸಣ್ಣಗಾಗುತ್ತಾ ಬಂದು ನಿಂತಿತು.

ಇಂಜಿನ್ ಆಫ್ ಮಾಡಿದ ಕ್ಷಣ ಡಬ್ಬಿಯಲ್ಲಿ ಆಯಿಲ್ ತಟ್ಟನೆ ಮೇಲೆದ್ದರೆ ಒಳಗಿನ್ನೂ ಗಾಳಿಯಿದೆ ಎಂದು ಲೆಕ್ಕ. ಕುಗ್ಗಿದ್ದ ಗಾಳಿ ಹಿಗ್ಗಿ ಆಯಿಲನ್ನು ಮೇಲಕ್ಕೆ ತಳ್ಳುತ್ತದೆ. ತಮ್ಮನಿಗೆ ಆಫ್ ಮಾಡೆಂದು ಹೇಳಿ ಡಬ್ಬಿಯ ಗೆರೆಯನ್ನೇ ನೋಡುತ್ತಿದ್ದೆ. ಆಯಿಲ್ ಅಲುಗಲಿಲ್ಲ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದೆವು.