ಕಾರ್ಡೋ, ಕಂಪ್ಯೂಟರ್ ಲಾಗೋ: ಸಂಪರ್ಕ ಖಾತ್ರಿಯ ಕೆಲಸ ಎಲ್ಲಿಗೆ ಬಂತು

ಮಳೆಗಾಲ ಹಿಡಿಯಿತೆಂದರೆ ಶಿವಮೊಗ್ಗದಲ್ಲಿ ಆಂಟೆನಾ ಕೇಬಲ್ಲು ರೇಡಿಯೊಗೆ ಸಿಕ್ಕಿಸಿರುವುದಕ್ಕಿಂತ ಗುಡುಗಿಗೆ ಹೆದರಿ ಕಳಚಿಟ್ಟಿರುವ ಹೊತ್ತೇ ಹೆಚ್ಚು. ಆ ಬಿಡುವಿನಲ್ಲಿ ಮಾಡಬೇಕೆಂದು ಕೈಗೆತ್ತಿಕೊಂಡ ಕೆಲಸ ಈಗ ಒಂದು ಹಂತಕ್ಕೆ ಬಂದಿದೆ. ಹವ್ಯಾಸಿ ರೇಡಿಯೊದ ಪರವಾನಗಿ ಸಿಕ್ಕ ದಿನದಿಂದ ಇಂದಿನವರೆಗೆ ನಾನು ಮಾಡಿದ ಸಂಪರ್ಕಗಳಲ್ಲಿ ಯಾವುದಕ್ಕೆ ಎದುರಿನ ನಿಲಯದ ಖಾತ್ರಿ ಬಂದಿದೆ, ಯಾವುದಕ್ಕೆ ಬಂದಿಲ್ಲ, ಬಂದದ್ದು ಕಾಗದದ ಕಾರ್ಡಿನಲ್ಲೋ ವಿದ್ಯುನ್ಮಾನ ಲಾಗಿನಲ್ಲೋ ಎಂಬುದೆಲ್ಲ ಒಂದೇ ಕಡತದಲ್ಲಿ ಸಿಗುವಂತೆ ಮಾಡುವುದು ನನ್ನ ಉದ್ದೇಶ. ಕೆಲಸ ಮಾಡುತ್ತ ಹೋದ ಹಾಗೆ, ಯಾವ ಸಂಪರ್ಕಕ್ಕೆ ಯಾವ ಬಗೆಯ ಖಾತ್ರಿ ಸಲ್ಲುತ್ತದೆ ಎಂಬುದರ ಬಗ್ಗೆ ನನ್ನದೇ ಒಂದು ನಿಲುವೂ ರೂಪುಗೊಂಡಿತು.

ಹೊಸದಾಗಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ನಡೆಸುವವರು, ಆದವರಿಗಾಗಿ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ನಾನು ಇಂಥ ದೇಶದ ಇಂಥ ನಿಲಯದೊಡನೆ ಮಾತಾಡಿದೆ ಎಂದು ನನ್ನ ಲಾಗ್‌ಬುಕ್ಕಿನಲ್ಲಿ ಬರೆದುಕೊಂಡರೆ ಅದು ನನ್ನ ಹೇಳಿಕೆ ಮಾತ್ರ. ಎದುರಿನವರೂ ಅದನ್ನೇ ಹೇಳಿದಾಗಲೇ ಅದು ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಹವ್ಯಾಸಿಗಳ ಸಂಘವಾದ ಎಆರ್‌ಆರ್‌ಎಲ್ 1937ರಲ್ಲಿ ಆರಂಭಿಸಿದ ಡಿಎಕ್ಸ್‌ಸಿಸಿ ಪುರಸ್ಕಾರ ಈ ಖಾತ್ರಿಯ ಮೇಲೆಯೇ ನಿಂತಿದೆ. ಮಹಾಯುದ್ಧದ ನಂತರ ಅದರ ಲೆಕ್ಕವನ್ನು 1945ರ ನವೆಂಬರ್ 15ರಿಂದ ಹೊಸದಾಗಿ ಶುರುಮಾಡಿದರು. ಅದರ ಪಟ್ಟಿಯಲ್ಲಿ ಸದ್ಯ 340 ದೇಶ ಹಾಗೂ ಪ್ರದೇಶಗಳಿದ್ದು, 100ನ್ನು ಖಾತ್ರಿಪಡಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಭಾರತದ ಒಳಗಿನವೇ ಆದರೂ ಅಂಡಮಾನ್ ಮತ್ತು ನಿಕೋಬಾರ್, ಲಕ್ಷದ್ವೀಪ ಇವೆರಡನ್ನೂ ಅಲ್ಲಿ ಪ್ರತ್ಯೇಕವಾಗಿ ಎಣಿಸುತ್ತಾರೆ.

ಮೊದಲ ಹಂತವೆಂದರೆ ಹಳೆಯ ಲಾಗ್‌ಬುಕ್ಕುಗಳನ್ನು ಕಂಪ್ಯೂಟರಿಗೆ ಏರಿಸುವುದು. ಎಲ್ಲ ಲಾಗ್ ತಂತ್ರಾಂಶಗಳೂ ಓದಬಲ್ಲ ಎಡಿಐಎಫ್ ರೂಪದಲ್ಲಿ ಪ್ರತಿ ಸಂಪರ್ಕಕ್ಕೂ ಕಾಲ್‌ಸೈನ್ (ನಿಲಯದ ಗುರುತಿನ ಸಂಕೇತ), ದಿನಾಂಕ, ಸಮಯ, ಬ್ಯಾಂಡ್ (ಬಳಸಿದ ತರಂಗಪಟ್ಟಿ), ಮೋಡ್ (ಧ್ವನಿ, ಮೋರ್ಸ್ ಮುಂತಾದ ಬಗೆ) ಇಷ್ಟನ್ನು ತುಂಬಿದರೆ ಸಾಕು. ಆದರೆ ಸಮಯ ಜಾಗತಿಕ ಕಾಲಮಾನದಲ್ಲಿಯೇ ಇರಬೇಕು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಬೆಳಗಿನ ಜಾವದ ಸಂಪರ್ಕಗಳಲ್ಲಿ ತಾರೀಖೇ ಬದಲಾಗುತ್ತದೆ. 40 ಮೀಟರ್ ಬ್ಯಾಂಡಿನಲ್ಲಿ ಯುರೋಪು ಚೆನ್ನಾಗಿ ಕೇಳುವುದು ಆ ಹೊತ್ತಿಗೇ ಆದ್ದರಿಂದ ನನ್ನ ಪುಟಗಳಲ್ಲಿ ಇಂಥವು ಧಾರಾಳವಾಗಿವೆ: ನಮ್ಮಲ್ಲಿ 11ನೇ ತಾರೀಖಿನ ಬೆಳಗ್ಗೆ 5 ಗಂಟೆ 10 ನಿಮಿಷಕ್ಕೆ ಆದ ಸಂಪರ್ಕ ಲಾಗಿನಲ್ಲಿ 10ನೇ ತಾರೀಖಿನ 23:40 ಎಂದು ಕೂರಬೇಕು. ಈ ಪುಟಗಳನ್ನು ತಂತ್ರಾಂಶದ ಲೆಕ್ಕಕ್ಕೆ ಬಿಡದೆ ಒಂದೊಂದು ಸಾಲನ್ನೂ ಕಣ್ಣಿಟ್ಟು ನೋಡಿ ಏರಿಸಿದ್ದೇನೆ. ಬೇಸರದ ಕೆಲಸ ಹೌದು, ಆದರೆ ತಾರೀಖು ತಪ್ಪಿದ ಸಾಲಿಗೆ ಯಾವ ಕಾಲಕ್ಕೂ ಜೋಡಿ ಸಿಗುವುದಿಲ್ಲ.

ಎರಡನೆಯದು ಲಾಗ್‌ಬುಕ್ ಆಫ್ ದ ವರ್ಲ್ಡ್. ಎಆರ್‌ಆರ್‌ಎಲ್ 2003ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಈ ವ್ಯವಸ್ಥೆಯನ್ನು ಹ್ಯಾಮ್‌ಗಳು ಬಾಯಿಮಾತಿನಲ್ಲಿ ಎಲ್‌ಒಟಿಡಬ್ಲ್ಯು ಎನ್ನುತ್ತಾರೆ. ಇಲ್ಲಿ ಯಾರೂ ಯಾರಿಗೂ ಏನನ್ನೂ ಕಳಿಸುವುದಿಲ್ಲ. ಇಬ್ಬರೂ ತಮ್ಮ ತಮ್ಮ ಲಾಗಿಗೆ ಡಿಜಿಟಲ್ ಸಹಿ ಹಾಕಿ ಏರಿಸುತ್ತಾರೆ. ಕಾಲ್‌ಸೈನ್, ಬ್ಯಾಂಡ್, ಮೋಡ್ ಹೊಂದಿ, ಸಮಯದಲ್ಲಿ 30 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಸಂಪರ್ಕ ಖಾತ್ರಿಯಾಯಿತೆಂದು ದಾಖಲಾಗುತ್ತದೆ. ಸಹಿ ಹಾಕುವ ಅಧಿಕಾರ ಸಿಗಬೇಕಾದರೆ ಅಮೆರಿಕದ ಹೊರಗಿನವರು ಪರವಾನಗಿಯ ಪ್ರತಿಯನ್ನೂ ಇನ್ನೊಂದು ಗುರುತಿನ ದಾಖಲೆಯನ್ನೂ ಒಪ್ಪಿಸಬೇಕು. ಆ ಅಧಿಕಾರ ಕೊಡುವ ಡಿಜಿಟಲ್ ಪ್ರಮಾಣಪತ್ರದ ಗುಟ್ಟಿನ ಕೀಲಿ ನಮ್ಮ ಕಂಪ್ಯೂಟರಿನಲ್ಲಿಯೇ ಉಳಿಯುತ್ತದೆ ಎಂಬುದನ್ನು ಹೊಸಬರು ನೆನಪಿಟ್ಟುಕೊಳ್ಳಬೇಕು; ಸಹಿಯ ತಂತ್ರಾಂಶವಾದ ಟಿಕ್ಯೂಎಸ್‌ಎಲ್‌ನಿಂದ ಬ್ಯಾಕಪ್ ತೆಗೆದು ಬೇರೆ ಪೆನ್‌ಡ್ರೈವಿನಲ್ಲಿ ಇಟ್ಟಿರುವುದು ಕ್ಷೇಮ. ನಮ್ಮ ದೇಶದಲ್ಲಿ ಇದರ ಜೊತೆಗೆ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ ವಿಯು3 ಎಂದೂ ಜನರಲ್ ದರ್ಜೆಯವರಿಗೆ ವಿಯು2 ಎಂದೂ ಕಾಲ್‌ಸೈನ್ ಶುರುವಾಗುವುದರಿಂದ, ಪರೀಕ್ಷೆ ಪಾಸು ಮಾಡಿ ಮೇಲಿನ ದರ್ಜೆಗೆ ಹೋದವರಿಗೆ ಎರಡು ಕಾಲ್‌ಸೈನ್, ಎರಡು ಪ್ರಮಾಣಪತ್ರ, ಪ್ರತಿಯೊಂದಕ್ಕೂ ಅದರದೇ ಆರಂಭ ಮತ್ತು ಅಂತ್ಯದ ದಿನಾಂಕ ಬೇಕಾಗುತ್ತದೆ. ನನ್ನ ವಿಯು2 ಲಾಗು ಪೂರ್ತಿ ಏರಿದೆ. ವಿಯು3 ಕಾಲದ ಪುಟಗಳು ಇನ್ನೂ ಉಳಿದಿವೆ.

ಲಾಗು ಏರಿದ ರಾತ್ರಿಯೇ ಖಾತ್ರಿಗಳು ಒಂದರ ಹಿಂದೊಂದು ಬಂದು ಕುಳಿತವು. ವರ್ಷಗಟ್ಟಲೆ ಕಾದ ದೇಶಗಳೂ ಅದರಲ್ಲಿದ್ದವು. ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆಚ್ಚು ಕಲಿಸಿದ್ದು ಹೊಂದಿಕೆಯಾಗದೆ ಉಳಿದ ಸಾಲುಗಳು. ಎಲ್‌ಒಟಿಡಬ್ಲ್ಯು ಹೊಂದಿದ್ದನ್ನು ಮಾತ್ರ ತೋರಿಸುತ್ತದೆ. ಹೊಂದದಿದ್ದರೆ ಎದುರಿನವರು ಏನು ಬರೆದಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಕಳ್ಳ ಖಾತ್ರಿ ತಡೆಯಲು ಇದು ಬೇಕಾದ ಎಚ್ಚರವೇ. ಹಾಗಿದ್ದರೂ ಪ್ರಾಮಾಣಿಕವಾಗಿ ಮಾತಾಡಿದ ಇಬ್ಬರ ನಡುವೆ ಬಂದ ಸಣ್ಣ ವ್ಯತ್ಯಾಸವನ್ನು ಪತ್ತೆಹಚ್ಚುವ ದಾರಿಯನ್ನೂ ಇದು ಮುಚ್ಚುತ್ತದೆ.

ಒಂದು ಪ್ರಸಂಗವನ್ನು ವಿವರವಾಗಿಯೇ ಬರೆಯುತ್ತೇನೆ. ಜುಲೈ ತಿಂಗಳ ಒಂದು ರಾತ್ರಿ 9 ಗಂಟೆ 12 ನಿಮಿಷಕ್ಕೆ, ಅಂದರೆ ಜಾಗತಿಕ ಕಾಲಮಾನದ 15:42ಕ್ಕೆ, 20 ಮೀಟರ್ ಬ್ಯಾಂಡಿನಲ್ಲಿ ಇಂಗ್ಲೆಂಡಿನ ಹಿರಿಯ ಹ್ಯಾಮ್ ಒಬ್ಬರೊಡನೆ ಮೋರ್ಸ್‌ನಲ್ಲಿ ಬಹಳ ಹೊತ್ತು ಮಾತಾಡಿದ್ದೆ. ಅವರು ಎಲ್‌ಒಟಿಡಬ್ಲ್ಯು ಬಳಸುವವರು, ಲಾಗನ್ನು ನಿಯಮಿತವಾಗಿ ಏರಿಸುವವರು. ಆದರೂ ಈ ಸಂಪರ್ಕಕ್ಕೆ ಖಾತ್ರಿ ಬಂದಿರಲಿಲ್ಲ. ನನ್ನ ಕಾಲ್‌ಸೈನನ್ನೇ ಅವರು ಬೇರೆಯಾಗಿ ಕೇಳಿಸಿಕೊಂಡಿರಬಹುದೆಂದು ಸುಮ್ಮನಾಗಿದ್ದೆ. ಬಹಳ ಕಾಲದ ಮೇಲೆ, ಹ್ಯಾಮ್ ಸಂಘಗಳು ಕಾರ್ಡು ಸಾಗಿಸಲು ನಡೆಸುವ ಬ್ಯೂರೋ ಮೂಲಕ ಅವರ ಕಾರ್ಡ್ ಬಂತು. ನೀಲಿ ಶಾಯಿಯಲ್ಲಿ ಬರೆದ ದುಂಡಗಿನ ಅಕ್ಷರ, ನನ್ನ ಕಾಲ್‌ಸೈನ್ ಸರಿಯಾಗಿದೆ, ತಾರೀಖು ಸರಿಯಾಗಿದೆ, ನನ್ನ ಸಂಕೇತ ಎಷ್ಟು ಚೆನ್ನಾಗಿ ಕೇಳಿತೆಂದು ಕೊಟ್ಟ ವರದಿ 579 ಎಂಬುದೂ ನನ್ನ ಪುಟದಲ್ಲಿದ್ದಂತೆಯೇ ಇದೆ. ಸಮಯ ಮಾತ್ರ 16:42. ಆ ತಿಂಗಳುಗಳಲ್ಲಿ ಬ್ರಿಟನ್ನಿನ ಗಡಿಯಾರ ಜಾಗತಿಕ ಕಾಲಮಾನಕ್ಕಿಂತ ಒಂದು ಗಂಟೆ ಮುಂದಿರುತ್ತದೆ ಎಂಬುದು ಗೊತ್ತಿದ್ದರೆ ಗಂಟು ಬಿಡಿಸಲು ಬೇರೇನೂ ಬೇಡ. ಕಾರ್ಡಿನ ಫೋಟೊ ಸಮೇತ ವಿನಯದಿಂದ ಒಂದು ಇಮೇಲ್ ಬರೆದೆ. ಕೆಲವು ವಾರ ತಮ್ಮ ಕಂಪ್ಯೂಟರು ಬೇಸಿಗೆ ಸಮಯದಲ್ಲಿಯೇ ಲಾಗ್ ಮಾಡಿತ್ತೆಂದು ಅವರು ಉತ್ತರಿಸಿ, ಅಷ್ಟೂ ದಿನಗಳ ಲಾಗನ್ನು ತಿದ್ದಿ ಮತ್ತೆ ಏರಿಸಿದರು. ನನ್ನದಷ್ಟೇ ಅಲ್ಲ, ಆ ವಾರಗಳಲ್ಲಿ ಅವರೊಡನೆ ಮಾತಾಡಿದ ಇನ್ನೆಷ್ಟೋ ಜನರ ಸಂಪರ್ಕಗಳೂ ಅದರಿಂದ ಹೊಂದಿರಬೇಕು. ಇಬ್ಬರೂ ಎಲೆಕ್ಟ್ರಾನಿಕ್ ಲಾಗನ್ನೇ ನಂಬಿಕೊಂಡಿದ್ದರೆ ಇದು ಬಗೆಹರಿಯುತ್ತಲೇ ಇರಲಿಲ್ಲ.

ಇದರರ್ಥ ಕಾರ್ಡ್ ಎಲ್ಲದರಲ್ಲೂ ಮೇಲು ಎಂದಲ್ಲ. ಬ್ಯೂರೋ ವ್ಯವಸ್ಥೆಯಲ್ಲಿ ಪ್ರತಿ ದೇಶದ ಸಂಘವೂ ಕಾರ್ಡುಗಳನ್ನು ಕೂಡಿಸಿ, ದೇಶವಾರು ವಿಂಗಡಿಸಿ, ಕಟ್ಟು ಕಟ್ಟಿ ಕಳಿಸುವುದರಿಂದ ಖರ್ಚು ತೀರ ಕಡಿಮೆ, ಕಾಯುವಿಕೆ ತೀರ ಹೆಚ್ಚು. ಜಪಾನಿನ ಮತ್ತು ಜರ್ಮನಿಯ ಹವ್ಯಾಸಿಗಳು ಇಂದಿಗೂ ಈ ದಾರಿಯನ್ನು ಶ್ರದ್ಧೆಯಿಂದ ಬಳಸುತ್ತಾರೆ. ಅವಸರವಿದ್ದರೆ ನೇರ ಅಂಚೆ: ಕಾರ್ಡು, ವಿಳಾಸ ಬರೆದ ಮರುಲಕೋಟೆ, ಅಂಚೆವೆಚ್ಚಕ್ಕೆ ಒಂದೆರಡು ಡಾಲರ್ ನೋಟು. ಮೊದಲು ನೋಟಿನ ಬದಲು ಅಂತರರಾಷ್ಟ್ರೀಯ ಮರುಉತ್ತರ ಕೂಪನ್ ಇಡುವ ರೂಢಿ ಇತ್ತು. ಅಮೆರಿಕದ ಅಂಚೆ ಇಲಾಖೆ 2013ರಲ್ಲಿ ಅದರ ಮಾರಾಟ ನಿಲ್ಲಿಸಿದ ಮೇಲೆ ಅದೂ ಇಳಿಮುಖವಾಯಿತು. ಲಕೋಟೆಯ ಮೇಲೆ ಕಾಲ್‌ಸೈನ್ ಬರೆಯಬಾರದು ಎಂದು ಹಿರಿಯರು ಹೇಳಿಕೊಡುವುದು ಸುಮ್ಮನೆ ಅಲ್ಲ, ಒಳಗೆ ಹಣ ಇದೆಯೆಂದು ತಿಳಿದವರಿಗೆ ಅದೇ ಗುರುತಾಗುತ್ತದೆ. ನನಗೆ ಬಂದ ಲಕೋಟೆಗಳಲ್ಲಿ ಒಂದು ಅಂಚು ಕತ್ತರಿಸಿ ಮತ್ತೆ ಅಂಟಿಸಿದ್ದು, ಒಳಗೆ ಏನೂ ಇಲ್ಲದ್ದು. ಅದು ದಾರಿಯಲ್ಲಿ ಎಲ್ಲಿ ತೆರೆಯಿತೋ ತಿಳಿಯಲಿಲ್ಲ.

ಇನ್ನು ನಿಯಮದ ಮಾತು. ತಿದ್ದಿದ, ಗೀಚಿ ಮೇಲೆ ಬರೆದ ಕಾರ್ಡನ್ನು ಡಿಎಕ್ಸ್‌ಸಿಸಿಗೆ ಒಪ್ಪುವುದಿಲ್ಲ. ಆದ್ದರಿಂದ ಬರೆಯುವಾಗ ಒಂದಂಕಿ ಕೆಟ್ಟರೂ ಆ ಕಾರ್ಡನ್ನು ಹರಿದು ಹೊಸದು ಬರೆಯುವುದು ನಮ್ಮಿಂದ ಪಡೆಯುವವರಿಗೆ ಸಲ್ಲಿಸಬೇಕಾದ ಮರ್ಯಾದೆ. ಚಿತ್ರಸಹಿತ ಕಾರ್ಡನ್ನು ಕಂಪ್ಯೂಟರಿನಲ್ಲೇ ಕೊಡುವ ಇಕ್ಯೂಎಸ್‌ಎಲ್ ಸೇವೆ ನೋಡಲು ಚೆಂದ, ಬಳಸಲು ಸುಲಭ. ಆದರೆ ಎಆರ್‌ಆರ್‌ಎಲ್ ಅದನ್ನು ಮಾನ್ಯ ಮಾಡುವುದಿಲ್ಲ.

ಸರ್ವರಿನ ಮೇಲೆ ಎಲ್ಲವನ್ನೂ ಬಿಡುವುದರ ಅಪಾಯವನ್ನು 2024 ತೋರಿಸಿಕೊಟ್ಟಿತು. ಆ ವರ್ಷದ ಮೇ ತಿಂಗಳ ನಡುವೆ ಎಆರ್‌ಆರ್‌ಎಲ್‌ನ ಕಂಪ್ಯೂಟರ್ ಜಾಲದ ಮೇಲೆ ದಾಳಿಯಾಗಿ, ಎಲ್‌ಒಟಿಡಬ್ಲ್ಯು ಜುಲೈ ಆರಂಭದವರೆಗೆ ತೆರೆಯಲೇ ಇಲ್ಲ. ಸೇವೆ ಮರಳಿತು, ನಿಜ. ಆದರೆ ಅದಾದ ಮೇಲೆ ನಾನು ಖಾತ್ರಿಗಳ ಪಟ್ಟಿಯನ್ನು ಆಗಾಗ ಇಳಿಸಿಕೊಂಡು, ಮುಖ್ಯವಾದವನ್ನು ಮುದ್ರಿಸಿ ಫೈಲಿಗೆ ಸೇರಿಸುತ್ತಿದ್ದೇನೆ.

2017ರಲ್ಲಿ ಎಫ್‌ಟಿ8 ಎಂಬ, ಕಂಪ್ಯೂಟರಿನಿಂದ ನಡೆಸುವ ಡಿಜಿಟಲ್ ಮೋಡ್ ಬಂದ ನಂತರ ಲೆಕ್ಕವೇ ಬದಲಾಗಿದೆ. 15 ಸೆಕೆಂಡಿಗೊಮ್ಮೆ ಸರದಿ ಬದಲಿಸುತ್ತ, ಕಾಲ್‌ಸೈನು, ಸಂಕೇತಬಲದ ವರದಿ ಮುಂತಾದ ಚುಟುಕು ವಿವರಗಳನ್ನಷ್ಟೇ ಅದಲುಬದಲು ಮಾಡಿ, ಒಂದೂವರೆ ನಿಮಿಷದೊಳಗೆ ಸಂಪರ್ಕ ಮುಗಿಯುತ್ತದೆ. ಸೂರ್ಯನ ಕಲೆಗಳ ಚಕ್ರ ಏರಿದ್ದ ಈ ವರ್ಷಗಳಲ್ಲಿ 10 ಮೀಟರ್ ಬ್ಯಾಂಡಿನಲ್ಲೂ ಸಣ್ಣ ಶಕ್ತಿಗೆ ದೂರದ ದೇಶಗಳು ಸಿಗುತ್ತಿದ್ದವು. ಇಂಥ ಪ್ರತಿಯೊಂದಕ್ಕೂ ಕಾರ್ಡ್ ಬರೆದು ಬ್ಯೂರೋಗೆ ಸುರಿದರೆ, ವಿಂಗಡಿಸುವ ಸ್ವಯಂಸೇವಕರ ಮೇಲೆ ಹೊರೆ ಹೊರಿಸಿದಂತೆ. ಈ ಸಂಪರ್ಕಗಳಿಗೆ ಎಲ್‌ಒಟಿಡಬ್ಲ್ಯು ತಕ್ಕ ಜಾಗವೆಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಕಾರ್ಡ್ ಕೇಳಿದವರಿಗೆ ಮಾತ್ರ ಬರೆಯುತ್ತೇನೆ. ಧ್ವನಿಯಲ್ಲೋ ಮೋರ್ಸ್‌ನಲ್ಲೋ ಹೆಸರು, ಊರು, ಆಂಟೆನಾ, ಹವೆ ಎಂದು ನಾಲ್ಕು ಮಾತು ಆದವರಿಗೆ ಕೇಳದಿದ್ದರೂ ಕಾರ್ಡ್ ಹೋಗುತ್ತದೆ.

ಹೊಸ ಕಾರ್ಡಿನ ಮುದ್ರಣವೂ ಈ ಅವಧಿಯಲ್ಲೇ ಆಯಿತು. ಅಳತೆ ರೂಢಿಯಲ್ಲಿರುವ 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, ಇದಕ್ಕಿಂತ ದೊಡ್ಡದಾದರೆ ಬ್ಯೂರೋದ ಗೂಡಿನಲ್ಲಿ ಮಡಚಿ ಹಾಳಾಗುತ್ತದೆ. ಮುಂಬದಿಗೆ ಜೋಗದ ಚಿತ್ರ, ಕಾಲ್‌ಸೈನು, ಕೆಳಗೆ ಕನ್ನಡದಲ್ಲಿ ಊರಿನ ಹೆಸರು. ಹಿಂಬದಿಯಲ್ಲಿ ನಿಲಯ ಜಗತ್ತಿನ ಯಾವ ಭಾಗದಲ್ಲಿದೆ ಎಂದು ಹ್ಯಾಮ್‌ಗಳಿಗೆ ತಿಳಿಸುವ ಸಂಖ್ಯೆಗಳಾದ ಸಿಕ್ಯೂ ವಲಯ 22, ಐಟಿಯು ವಲಯ 41, ಶಿವಮೊಗ್ಗದ ಗ್ರಿಡ್ ಚೌಕ ಎಂಕೆ73, ಮತ್ತು ಸಂಪರ್ಕದ ವಿವರ ತುಂಬುವ ಕೋಷ್ಟಕ. ಪ್ರೆಸ್ಸಿನವರು ಎರಡೂ ಬದಿಗೆ ಹೊಳಪು ಕೊಡಲು ಹೊರಟಿದ್ದರು. ಹೊಳಪಿನ ಮೇಲೆ ಬಾಲ್‌ಪೆನ್ ಹಿಡಿಯುವುದಿಲ್ಲವೆಂದು ಹಿಂಬದಿಯನ್ನು ಹಾಗೆಯೇ ಬಿಡಿಸಿದೆ. ಜೆಲ್ ಪೆನ್ನಿನ ಬರಹ ಮಲೆನಾಡಿನ ತೇವಕ್ಕೆ ಹರಡುತ್ತದೆಂಬುದನ್ನೂ ಇಲ್ಲಿ ಗುರುತು ಹಾಕಿಡುತ್ತೇನೆ.

ಈ ಕೆಲಸದ ಸುದ್ದಿ ತಿಳಿದು, ತೀರಿಕೊಂಡ ನಮ್ಮೂರಿನ ಹಿರಿಯ ಹ್ಯಾಮ್ ಒಬ್ಬರ ಮಗಳು ಒಂದು ತಗಡಿನ ಟ್ರಂಕನ್ನು ನನಗೆ ಒಪ್ಪಿಸಿದರು. "ಅಪ್ಪಾಜಿ ಇದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ ಸರ್, ಇನ್ನು ನೀವೇ ನೋಡಿ," ಎಂದರು. ಅದರಲ್ಲಿ ವೈ2 ಎಂದು ಶುರುವಾಗುವ ಪೂರ್ವ ಜರ್ಮನಿಯ ಕಾರ್ಡುಗಳಿವೆ, ಚೆಕೊಸ್ಲೊವಾಕಿಯಾದವಿವೆ. ಆ ದೇಶಗಳು ಈಗ ಡಿಎಕ್ಸ್‌ಸಿಸಿಯಲ್ಲಿ ಅಳಿದವುಗಳ ಪಟ್ಟಿಯಲ್ಲಿವೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರಿನಿಂದ ನಡೆಸಿದ ವಿಯು4ಆರ್‌ಬಿಐ ನಿಲಯದ ಕಾರ್ಡೂ ಇದೆ. 26ರಂದು ಸುನಾಮಿ ಅಪ್ಪಳಿಸಿದ ಮೇಲೆ ದೇಶಗಳ ಎಣಿಕೆಗಾಗಿ ಹೋಗಿದ್ದ ಆ ತಂಡ ಅದೇ ಉಪಕರಣಗಳಿಂದ ತುರ್ತು ಸಂದೇಶಗಳನ್ನು ಸಾಗಿಸಿತು. ಹಿರಿಯರು ಆ ಕಾರ್ಡಿನ ಅಂಚಿನಲ್ಲಿ ಪೆನ್ಸಿಲಿನಿಂದ, ತಾವು ಅವರ ದನಿಯನ್ನು ಸುನಾಮಿಯ ಹಿಂದಿನ ದಿನಗಳಲ್ಲಿ ಕೇಳಿದ್ದಾಗಿ ಬರೆದಿಟ್ಟಿದ್ದಾರೆ. ಎಲ್‌ಒಟಿಡಬ್ಲ್ಯುನಲ್ಲಿ ಇದು ತಾರೀಖು, ಬ್ಯಾಂಡು, ಮೋಡುಗಳ ಒಂದು ಸಾಲಾಗಿ ನಿಲ್ಲುತ್ತಿತ್ತು. ಅವರು ಕಂಪ್ಯೂಟರಿನ ಲಾಗನ್ನು ಬಳಸಿದವರೇ ಅಲ್ಲವಾದ್ದರಿಂದ ಆ ಸಾಲೂ ಎಲ್ಲಿಯೂ ಇಲ್ಲ.

ಮುಂದಿನ ಕೆಲಸ ಇಷ್ಟು. ಹಳೆಯ ಕಾಲ್‌ಸೈನಿನ ಪ್ರಮಾಣಪತ್ರಕ್ಕೆ ದಾಖಲೆ ಕಳಿಸಿಯಾಗಿದೆ. ಅದು ಬಂದ ಕೂಡಲೇ ವಿಯು3 ಕಾಲದ ಲಾಗು ಏರುತ್ತದೆ. ಉತ್ತರ ಬಾಕಿ ಇರುವ ಕಾರ್ಡುಗಳಲ್ಲಿ ಹೊಸದಾಗಿ ಹ್ಯಾಮ್ ಆಗಿ ಬರೆದವರಿಗೆ ಮೊದಲ ಸರದಿ. ಟ್ರಂಕಿನ ಕಾರ್ಡುಗಳನ್ನು ವರ್ಷವಾರು ಜೋಡಿಸಿ, ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ, ವರ್ಷ ಮತ್ತು ಕಾಲ್‌ಸೈನಿನ ಹೆಸರಿನಲ್ಲಿ ಉಳಿಸುತ್ತಿದ್ದೇನೆ. ವಿಯೆನ್ನಾದಲ್ಲಿ ಇಂಥ ಕಾರ್ಡುಗಳನ್ನು ಲಕ್ಷಗಟ್ಟಲೆ ಕಾಪಿಡುವ ದಾಖಲೆ ಸಂಗ್ರಹವೊಂದಿದೆ. ಸ್ಕ್ಯಾನ್ ಮುಗಿದ ಮೇಲೆ ಮೂಲ ಕಾರ್ಡುಗಳನ್ನು ಅಲ್ಲಿಗೆ ಕಳಿಸಬಹುದೇ, ಮನೆಯಲ್ಲಿಯೇ ಇರಬೇಕೇ ಎಂಬುದನ್ನು ಹಿರಿಯರ ಮನೆಯವರೇ ತೀರ್ಮಾನಿಸಲಿ ಎಂದು ಕೇಳಿಕೊಂಡಿದ್ದೇನೆ.