ದರಗಿನಡಿಯ ಉಂಗುರ

ಸೋದರತ್ತೆಯ ಉಂಗುರ ಕಳೆದದ್ದು ಜನವರಿಯ ಮೂರನೇ ವಾರ, ರೊಬಸ್ಟಾ ಕಾಫಿ ಕೊಯ್ಲಿನ ನಡುವೆ. ಕೊಡಗಿನ ಸುಂಟಿಕೊಪ್ಪದ ಕಡೆ ಅವರ ತೋಟ. ಆಳು ಸಾಲದ ದಿನ ಅತ್ತೆಯೇ ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಳಿಯುತ್ತಾರೆ. ಅರವತ್ತೆಂಟಾಯ್ತು ಅಂತ ಯಾರಾದರೂ ನೆನಪಿಸಿದರೆ ಬೈಸಿಕೊಳ್ಳುತ್ತಾರೆ. ಬೆಳಗಿನ ಇಬ್ಬನಿಗೆ ಕೈಯೆಲ್ಲ ಒದ್ದೆ. ಗಿಡದ ರೆಕ್ಕೆ, ಅಂದರೆ ಕೊಂಬೆ, ಹಿಡಿದು ಹಣ್ಣು ಎಳೆಯುವಾಗ ಉಂಗುರ ಜಾರಿದ್ದು ಗೊತ್ತೇ ಆಗಲಿಲ್ಲವಂತೆ. ಹತ್ತೂವರೆಗೆ ಕಾಫಿ ಲೋಟ ಹಿಡಿದಾಗ ಬೆರಳು ಬೋಳು. ಮಾವ ಮದುವೆಯಲ್ಲಿ ಹಾಕಿದ್ದು, ನಾಲ್ಕು ಗ್ರಾಂ ಚಿಲ್ಲರೆ. ಮಾವ ಹೋಗಿ ಆರು ವರ್ಷ. ಅತ್ತೆಯ ಬೆರಳು ಸಣ್ಣಗಾಗಿದೆ, ಉಂಗುರ ಸಡಿಲಾಗಿದೆ, ದಾರ ಸುತ್ತಿಕೊಳ್ಳಿ ಅಂತ ನಾವೆಲ್ಲ ಹೇಳಿದ್ದೆವು. ಆ ಮಾತನ್ನು ಈಗ ಯಾರೂ ಎತ್ತುವಂತಿಲ್ಲ.

ಕೆರೆ ಪಕ್ಕದ ಮೂರು ಸಾಲು, ಸುಮಾರು ಮೂವತ್ತು ಗಿಡ. ಆ ಬೆಳಿಗ್ಗೆ ಅತ್ತೆ ಅದನ್ನು ಬಿಟ್ಟು ಬೇರೆಲ್ಲೂ ಹೋಗಿರಲಿಲ್ಲ. ಜಾಗ ಇಷ್ಟೇ ಅಂತ ಗೊತ್ತಿದ್ದರೂ ಕಾಫಿ ತೋಟದಲ್ಲಿ ಹುಡುಕುವುದು ಅಂದರೆ ಹುಡುಗಾಟವಲ್ಲ. ಗಿಡದ ಬುಡದಲ್ಲಿ ಗೇಣುದ್ದ ದರಗು. ಸಿಲ್ವರ್ ಓಕ್ ಎಲೆ, ಹಲಸಿನೆಲೆ, ಅದರ ಮೇಲೆ ಉದುರಿದ ಹಣ್ಣು. ಮೂರು ದಿನ ಎಲ್ಲರೂ ಕೈಯಾಡಿಸಿದರು. ನಾಲ್ಕನೇ ದಿನ ಅತ್ತೆ, "ದೊಡ್ಡಮಳ್ತೆ ಹೊನ್ನಮ್ಮನಿಗೆ ಹೇಳ್ಕೊಂಡಿದ್ದೀನಿ, ಸಿಕ್ಕರೆ ಬರೋ ಗೌರಿ ಹಬ್ಬಕ್ಕೆ ಬಾಗಿನ ಬಿಡ್ತೀನಿ" ಅಂದು ಸುಮ್ಮನಾದರು. ಹೊನ್ನಮ್ಮ ದೊಡ್ಡಮಳ್ತೆಯ ಕೆರೆಯ ದೇವಿ. ಅತ್ತೆಯ ತವರು ಆ ಕಡೆಯದು, ಅಂದರೆ ನಮ್ಮ ಊರೂ ಅದೇ.

ನಾನು ಕುಶಾಲನಗರದಲ್ಲಿ ವಿಜ್ಞಾನದ ಮೇಷ್ಟ್ರು. "ಮೆಟಲ್ ಡಿಟೆಕ್ಟರ್ ತರ್ತೀನಿ ಅತ್ತೆ" ಅಂದುಬಿಟ್ಟೆ. ನಿಜ ಹೇಳಬೇಕೆಂದರೆ ಉಂಗುರ ಒಂದು ನೆಪ. ಅಂಥದ್ದೊಂದು ಇಟ್ಟುಕೊಳ್ಳುವ ಆಸೆ ಬಹಳ ವರ್ಷದ್ದು, ಮನೆಯಲ್ಲಿ ಕೇಳಲು ಧೈರ್ಯ ಇರಲಿಲ್ಲ.

ಮೊದಲ ಸಲ ಕೊಳ್ಳುವವನು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಎಷ್ಟು ಆಳ ಅಂತ ನೋಡಿದೆ. ಆನ್‌ಲೈನಿನಲ್ಲಿ ಏಳು ಸಾವಿರಕ್ಕೆ ಒಂದು ಸಿಕ್ಕಿತು. ಡಬ್ಬಿಯ ಮೇಲೆ ಚಿನ್ನದ ನಾಣ್ಯ ತುಂಬಿದ ಮಡಕೆಯ ಚಿತ್ರ, ಪಕ್ಕದಲ್ಲಿ ಮೂರು ಮೀಟರ್ ಅಂತ ಬರೆದಿತ್ತು. ಆ ಚಿತ್ರ ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ಕುಶಾಲನಗರದ ನಮ್ಮ ಮನೆಯ ಟೈಲ್ಸ್ ನೆಲದ ಮೇಲೆ ಹೆಂಡತಿಯ ಉಂಗುರ ಇಟ್ಟು ಆಡಿಸಿದರೆ ಚೆನ್ನಾಗಿಯೇ ಕೂಗಿತು. ತೋಟಕ್ಕೆ ಒಯ್ದು ಕೆಂಪು ಮಣ್ಣಿನ ಮೇಲೆ ಯಂತ್ರದ ಕೋಲಿನ ತುದಿಯ ತಟ್ಟೆ ಇಳಿಸಿದ್ದೇ ತಡ, ಹಸಿದ ಮಗುವಿನ ಹಾಗೆ ಹಿಡಿದ ರಾಗ ಬಿಡಲಿಲ್ಲ. ಎತ್ತಿದರೆ ಸುಮ್ಮನೆ, ಇಳಿಸಿದರೆ ಕಿರುಚಾಟ. ಸಂವೇದನೆ ಪೂರ್ತಿ ತಗ್ಗಿಸಿದಾಗ ತಣ್ಣಗಾಯಿತು, ಆದರೆ ಆಗ ಬೂಟಿನ ಪಕ್ಕ ಇಟ್ಟ ಉಂಗುರವೂ ಅದಕ್ಕೆ ಕೇಳಿಸಲಿಲ್ಲ.

ಸಂಜೆಯೊಳಗೆ ಆಳುಗಳಿರುವ ಲೈನ್ ಮನೆಗಳಲ್ಲಿ ಸುದ್ದಿ: ಮೇಷ್ಟ್ರು ನಿಧಿ ಹುಡುಕ್ತಿದ್ದಾರಂತೆ. 1834ರಲ್ಲಿ ಇಂಗ್ಲಿಷರು ಚಿಕವೀರರಾಜನಿಂದ ಕೊಡಗು ಕಿತ್ತುಕೊಂಡಾಗ ರಾಜನ ಕಡೆಯವರು ಎಲ್ಲೆಲ್ಲೋ ಹೊನ್ನು ಹೂತರು ಅನ್ನುವ ಕಥೆಗೆ ಇಲ್ಲೇನೂ ಬರವಿಲ್ಲ. ಪಕ್ಕದ ತೋಟದವರೊಬ್ಬರು ಜೀಪು ನಿಲ್ಲಿಸಿ, "ಮಾರಾಯ್ರೆ, ಸಿಕ್ಕರೆ ನಮಗೂ ಒಂದು ಕೊಪ್ಪರಿಗೆ" ಅಂದು ನಕ್ಕು ಹೋದರು. ನನಗೆ ನಗು ಬರಲಿಲ್ಲ. ನಮ್ಮಲ್ಲಿ ಈ ಯಂತ್ರ ಕೈಲಿ ಹಿಡಿದವನನ್ನು ನಿಧಿಗಳ್ಳ ಅಂತಲೇ ನೋಡುವುದು, ಅದಕ್ಕೆ ಕಾರಣವೂ ಇದೆ. ಹಾಳು ದೇವಸ್ಥಾನಗಳ ಗರ್ಭಗುಡಿ ಅಗೆದವರ ಸುದ್ದಿ ನಾವೆಲ್ಲ ಓದಿದವರೇ. ನೆಲದಲ್ಲಿ ಹೂತ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು ಅನ್ನುವುದು 1878ರ ನಿಕ್ಷೇಪ ಕಾಯಿದೆಯಷ್ಟು ಹಳೆಯ ಮಾತು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದಂತೂ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಅಪರಾಧ. ದೊಡ್ಡಮಳ್ತೆಯ ಬೃಹತ್ ಶಿಲಾಸಮಾಧಿಗಳ ಬಳಿ ಆಡಿ ಬೆಳೆದವನು ನಾನು. ಅಂಥ ಕಡೆ ಈ ಯಂತ್ರವನ್ನು ಚೀಲದಿಂದ ಹೊರಗೂ ತೆಗೆಯಬಾರದು. ನಮ್ಮ ಹುಡುಕಾಟ ನಮ್ಮದೇ ತೋಟದಲ್ಲಿ, ನಮ್ಮದೇ ಉಂಗುರಕ್ಕೆ. ತೋಟದ ಲೆಕ್ಕಪತ್ರ ನೋಡುವ ರೈಟರಿಗೆ ಇದನ್ನು ಬಿಡಿಸಿ ಹೇಳಿ, ಅವರಿಂದಲೇ ಲೈನ್ ಮನೆಗಳಿಗೆ ಹೇಳಿಸಿದೆ.

ಯಂತ್ರ ವಾಪಸ್ ಹೋಯಿತು. ಅರ್ಧ ದುಡ್ಡು ಬಂತು. ಆಮೇಲೆಯೇ ನಾನು ಕೂತು ಯೋಚಿಸಿದ್ದು.

ತಟ್ಟೆಯೊಳಗೆ ಎರಡು ಸುರುಳಿ ಇರುತ್ತವೆ. ಅವುಗಳಲ್ಲೊಂದು, ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರ ಕಳಿಸುತ್ತದೆ. ಅದು ತಗುಲಿದ ಲೋಹದೊಳಗೆ ಸಣ್ಣ ಸುಳಿವಿದ್ಯುತ್ತು ಹುಟ್ಟಿ, ಅದರದ್ದೇ ಒಂದು ಕ್ಷೇತ್ರ ತುಸು ತಡವಾಗಿ ಮರಳುತ್ತದೆ. ಇನ್ನೊಂದು ಸುರುಳಿ ಕೇಳಿಸಿಕೊಳ್ಳುವುದು ಆ ತಡವನ್ನು. ತೊಂದರೆ ಏನೆಂದರೆ ನಮ್ಮ ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಉಂಗುರ ಮಾತಾಡುವ ಮೊದಲು ನೆಲವೇ ಮಾತಾಡುತ್ತದೆ. ಹಾಗಾಗಿ ನೆಲದ ಸದ್ದನ್ನು ಕಳೆಯುವ ವ್ಯವಸ್ಥೆ ಬೇಕು. ಗ್ರೌಂಡ್ ಬ್ಯಾಲೆನ್ಸ್ ಅನ್ನುವುದು ಅದಕ್ಕೇ. ಕಾರ್ಖಾನೆಯಲ್ಲೇ ಒಂದು ಮಟ್ಟಕ್ಕೆ ಕಟ್ಟಿ ಕಳಿಸಿದ್ದಾದರೆ ಸಾದಾ ಮಣ್ಣಿಗೆ ಸಾಕು, ನಮ್ಮ ಕಡೆ ಅನುಮಾನ. ನಾವೇ ಹೊಂದಿಸುವಂತಿರಬೇಕು, ಇಲ್ಲವೇ ತಾನೇ ಹೊಂದಿಕೊಳ್ಳಬೇಕು.

ಆಳದ ಮಾತಿಗೆ ಬಂದರೆ, ನನ್ನ ದಡ್ಡತನಕ್ಕೆ ನನಗೇ ನಾಚಿಕೆಯಾಯಿತು. ಉಂಗುರ ಬಿದ್ದು ಮೂರು ವಾರ. ಅದು ಪಾತಾಳಕ್ಕೆ ಇಳಿದಿಲ್ಲ, ದರಗಿನಡಿ ಎರಡು ಮೂರು ಇಂಚಿನಲ್ಲಿದೆ. ನನಗೆ ಮೂರು ಮೀಟರ್ ಯಾಕೆ? ಅಷ್ಟಕ್ಕೂ ಕೈಯಲ್ಲಿ ಹಿಡಿದು ಓಡಾಡುವ ಇಂಥ ಯಂತ್ರಗಳಿಗೆ ಉಂಗುರದಷ್ಟು ಸಣ್ಣದು ಒಂದು ಗೇಣು ಆಳದಲ್ಲಿ ಕೇಳಿಸಿದರೆ ಅದೇ ದೊಡ್ಡದು.

ಪಲ್ಸ್ ಇಂಡಕ್ಷನ್ ಅನ್ನುವ ಇನ್ನೊಂದು ಜಾತಿ ಇದೆ. ಮಣ್ಣಿನ ಕಬ್ಬಿಣಕ್ಕೆ ಅದು ಅಷ್ಟಾಗಿ ಜಗ್ಗುವುದಿಲ್ಲ, ಆದರೆ ಮೊಳೆ ಯಾವುದು ಉಂಗುರ ಯಾವುದು ಅಂತ ಬೇರೆ ಮಾಡಿ ಹೇಳುವುದರಲ್ಲಿ ಮೊದ್ದು, ಬೆಲೆಯೂ ಜಾಸ್ತಿ. ಮುಳ್ಳುತಂತಿಯ ಚೂರು ಹೆಜ್ಜೆಗೊಂದಿರುವ ತೋಟಕ್ಕೆ ಅದು ಬೇಡ ಅನ್ನಿಸಿತು. ಉಳಿದವುಗಳಲ್ಲಿ ಅಮೆರಿಕದ ಗ್ಯಾರೆಟ್ ಏಸ್ 300 ಕಲಿಯಲು ಸುಲಭ, 8 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಂಟು ಸಾವಿರ ಸಲ ದಿಕ್ಕು ಬದಲಿಸಿ, ಓಡುತ್ತದೆ, ಆದರೆ ನೆಲದ ಹೊಂದಾಣಿಕೆ ಕಾರ್ಖಾನೆಯದ್ದೇ. ಆಸ್ಟ್ರೇಲಿಯಾದ ಮೈನ್‌ಲ್ಯಾಬ್‌ನ ವ್ಯಾಂಕ್ವಿಶ್ ಒಟ್ಟಿಗೇ ಹಲವು ಕಂಪನಾಂಕಗಳಲ್ಲಿ ಕೆಲಸ ಮಾಡಿ ನೆಲಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಟರ್ಕಿಯ ನೋಕ್ಟಾದ ಸಿಂಪ್ಲೆಕ್ಸ್ ಪ್ಲಸ್ 12 ಕಿಲೋಹರ್ಟ್ಸ್‌ನದು, ಗುಂಡಿ ಒತ್ತಿ ನಾವೇ ಹೊಂದಿಸಬಹುದು, ಮೂರು ಮೀಟರ್ ನೀರಿನೊಳಗೆ ಮುಳುಗಿಸಿದರೂ ಏನೂ ಆಗುವುದಿಲ್ಲ. ಈ ಮೂರು ಮೀಟರ್ ಮಾತ್ರ ನನಗೆ ರುಚಿಸಿತು. ಎಷ್ಟೋ ಯಂತ್ರಗಳಲ್ಲಿ ತಟ್ಟೆಗೆ ಮಾತ್ರ ನೀರು ತಾಗಬಹುದು, ಮೇಲಿನ ಪೆಟ್ಟಿಗೆಗೆ ತಾಗುವ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ನೀರು ತಾಗದ ವಸ್ತು ಯಾವುದಿದೆ? ಬೆಂಗಳೂರಿನ ಒಬ್ಬರು ಬಳಸಿ ಬಿಟ್ಟ ಸಿಂಪ್ಲೆಕ್ಸ್ ಸಿಕ್ಕಿತು. ಮನೆಯಲ್ಲಿ ಬೆಲೆಯನ್ನು ಸ್ವಲ್ಪ ಕಡಿಮೆ ಮಾಡಿ ಹೇಳಿದೆ.

ಫೆಬ್ರವರಿಯ ಎರಡನೇ ಭಾನುವಾರ, ಬೆಳಿಗ್ಗೆ ಏಳಕ್ಕೆ ಶುರು. ಇನ್ನೊಂದು ವಾರದಲ್ಲಿ ಕಾಫಿ ಹೂ ಅರಳಲೆಂದು ಸ್ಪ್ರಿಂಕ್ಲರ್ ನೀರು ಹಾಕುವವರಿದ್ದರು. ಆಮೇಲೆ ಅರಳಿದ ಹೂವಿನ ನಡುವೆ ಸಾಲಿನೊಳಗೆ ನುಗ್ಗಲು ಅತ್ತೆ ಬಿಡುವುದಿಲ್ಲ.

ಖಾಲಿ ಜಾಗ ನೋಡಿ ತಟ್ಟೆಯನ್ನು ನೆಲದಿಂದ ಮೊಳಕಾಲಿನವರೆಗೆ ಮೇಲೆ ಕೆಳಗೆ ಆಡಿಸಿ ಹೊಂದಿಸಿದೆ. ನೆಲ ಬಾಯಿ ಮುಚ್ಚಿತು. ಸಂತೋಷ ಒಂದು ನಿಮಿಷವೂ ಉಳಿಯಲಿಲ್ಲ; ಟಕ್... ಟಕ್... ಟಕ್. ಗಡಿಯಾರದ ಹಾಗೆ, ಸೆಕೆಂಡಿಗೊಂದು. ತಟ್ಟೆ ಎತ್ತಿ ಆಕಾಶಕ್ಕೆ ಹಿಡಿದರೂ ಟಕ್. ಇದೂ ಕೈಕೊಟ್ಟಿತು ಅಂತ ಬೆವರಿದೆ. ಆಗ ನೆನಪಾದದ್ದು 1881ರ ಗ್ರಹಾಂ ಬೆಲ್ಲನ ಪಾಡು. ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನ ಮೈಯೊಳಗಿನ ಗುಂಡು ಹುಡುಕಲು ಆತ ಇಂಥದ್ದೇ ಒಂದು ಉಪಕರಣ ಕಟ್ಟಿ ಒಯ್ದಿದ್ದ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಅವನ ದಾರಿ ತಪ್ಪಿಸಿದವು. ನನ್ನ ಹಾಸಿಗೆ ಯಾವುದು ಅಂತ ಸುತ್ತ ನೋಡಿದೆ. ಇಪ್ಪತ್ತು ಮಾರು ದೂರದಲ್ಲಿ ಆನೆಗೆ ಹಾಕಿದ ಸೋಲಾರ್ ಬೇಲಿ! ಅದು ಸೆಕೆಂಡಿಗೊಮ್ಮೆ ತಂತಿಗೆ ಹೊಡೆತ ಕೊಡುತ್ತಲೇ ಇತ್ತು.

"ರೈಟ್ರೇ, ಬೇಲಿ ಆಫ್ ಮಾಡಿ ಸ್ವಲ್ಪ."

"ಹಗಲಲ್ಲೂ ಒಂಟಿ ಸಲಗ ಓಡಾಡ್ತಿದೆ ಸರ್ ಆ ಕಡೆ."

"ಒಂದು ಗಂಟೆ ಸಾಕು."

"ಒಂದೇ ಗಂಟೆ" ಅಂದು ಹೋದರು. ಟಕ್ ನಿಂತಿತು.

ಮೊದಲು ಹೆಂಡತಿಯ ಉಂಗುರವನ್ನು ಕೆಂಪು ದಾರ ಕಟ್ಟಿ ದರಗಿನಡಿ ಇಟ್ಟೆ. ಇದು ಕಳೆದರೆ ಕುಶಾಲನಗರಕ್ಕೆ ವಾಪಸ್ ಹೋಗುವ ಹಾಗಿಲ್ಲ, ಅದಕ್ಕೇ ದಾರ. ಪರದೆಯಲ್ಲಿ ನಲವತ್ತರ ಸುತ್ತ ಅಂಕಿ ಬಂತು. ಆಮೇಲೆ ಅತ್ತೆಯ ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ ಇಟ್ಟೆ. ಅದೂ ನಲವತ್ತರ ಸುತ್ತ! ಅಲ್ಯೂಮಿನಿಯಂ ಹಾಳೆಗೂ ಸಣ್ಣ ಚಿನ್ನದ ಉಂಗುರಕ್ಕೂ ಈ ಯಂತ್ರಗಳ ಕಿವಿಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಕಸ ಕೂಗದ ಹಾಗೆ ಮಾಡುವ ಸೌಲಭ್ಯ ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಹೊಸಬರು ಮೊದಲು ಒತ್ತುವುದೇ ಆ ಗುಂಡಿ. ಹಾಳೆಯ ಬಾಯಿ ಮುಚ್ಚಿಸಿದರೆ ಅತ್ತೆಯ ಉಂಗುರದ ಬಾಯನ್ನೂ ನಾನೇ ಮುಚ್ಚಿಸಿದ ಹಾಗೆ. ಕಬ್ಬಿಣವೊಂದನ್ನು ಬಿಟ್ಟು ಉಳಿದದ್ದೆಲ್ಲ ಕೂಗಲಿ ಅಂತ ಇಟ್ಟೆ.

ಕೂಗಿತು. ಮೊದಲ ಸಾಲಿನಲ್ಲೇ ಒಂಬತ್ತು ಸಲ ಮಂಡಿಯೂರಿದೆ. ಕೋವಿಯ ತೋಟಾದ ಹಿತ್ತಾಳೆ ತಳಗಳೇ ನಾಲ್ಕು. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವ ಜಿಲ್ಲೆ ಇದು, ಈ ನೆಲದಲ್ಲಿ ಹಿತ್ತಾಳೆಗೆ ಕೊರತೆಯೇ? ಹೂವಿನಂಚಿನ ಅಲ್ಯೂಮಿನಿಯಂ ಹತ್ತು ಪೈಸೆ ಒಂದು. ಉಳಿದದ್ದೆಲ್ಲ ಮಾತ್ರೆಯ ಹಾಳೆ. "ಇಷ್ಟೊಂದು ಮಾತ್ರೆ ಯಾರು ತಿನ್ನೋದು ಅತ್ತೆ?" ಅಂದರೆ, "ನಂದಲ್ಲಪ್ಪ, ಆಳುಗಳದ್ದು" ಅಂದರು. ಒಂದರ ಮೇಲೆ ಬಿಪಿ ಮಾತ್ರೆಯ ಹೆಸರು ಇನ್ನೂ ಓದುವ ಹಾಗಿತ್ತು. ನಾನು ಓದಿ ಹೇಳಲಿಲ್ಲ.

ಒಂದು ಕೊರತೆ ಹೇಳಲೇಬೇಕು. ಜೊತೆಗೆ ಬಂದ ಹನ್ನೊಂದು ಇಂಚಿನ ತಟ್ಟೆ ಬಯಲಿಗೆ ಸರಿ, ರೊಬಸ್ಟಾ ಬುಡಕ್ಕಲ್ಲ. ರೆಕ್ಕೆಗಳು ನೆಲ ಮುಟ್ಟುತ್ತವೆ, ತಟ್ಟೆ ಕಾಂಡಕ್ಕೆ ತಾಗಿದರೆ ಸುಳ್ಳು ಕೂಗು. ಒತ್ತೊತ್ತಾಗಿ ಕಸ ಬಿದ್ದಲ್ಲಿ ಎರಡು ಮೂರು ಲೋಹದ ಸದ್ದು ಕಲಸಿ ಒಂದೇ ಆಗುತ್ತದೆ. ಕೊಳ್ಳುವಾಗಲೇ ಒಂದು ಸಣ್ಣ ತಟ್ಟೆಗೂ ದುಡ್ಡು ತೆಗೆದಿಡಬೇಕಿತ್ತು. ಅಗೆಯುವುದಕ್ಕೂ ಅತ್ತೆಯ ಕಾವಲು. "ಬೇರು ಮೇಲೇ ಇರ್ತದೆ, ಸಲಿಕೆ ಹಾಕಿದ್ರೆ ನೋಡು!" ರೊಬಸ್ಟಾದ ಬೇರು ನಿಜಕ್ಕೂ ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಹಾಗಾಗಿ ಬೆರಳಲ್ಲೇ ದರಗು ಸರಿಸಿದೆ, ಬೇರೇನೂ ಮುಟ್ಟಲಿಲ್ಲ.

ರೈಟರು ಕೊಟ್ಟ ಒಂದು ಗಂಟೆ ಮುಗಿಯಲು ಹತ್ತು ನಿಮಿಷ ಇತ್ತು. ಎರಡನೇ ಸಾಲಿನ ಕೊನೆಯಲ್ಲಿ, ಕೆರೆ ಕಡೆ ವಾಲಿದ ಗಿಡದ ಕೆಳಗೆ ಮತ್ತೆ ನಲವತ್ತು. ಸೊಂಟ ಹಿಡಿದುಕೊಂಡಿತ್ತು. ಇನ್ನೊಂದು ಮಾತ್ರೆ ಹಾಳೆ, ಬಿಟ್ಟು ಮುಂದೆ ಹೋಗೋಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ತಟ್ಟೆಯನ್ನು ಅಡ್ಡ ತಿರುಗಿ ಆಡಿಸಿದರೂ ಅಂಕಿ ಅಲುಗಲಿಲ್ಲ. ಮಡಚಿ ಹರಿದ ಹಾಳೆಗಳಲ್ಲಿ ಅಂಕಿ ಜಿಗಿದಾಡುತ್ತಿತ್ತು. ಕೂತೆ. ಸಿಲ್ವರ್ ಓಕ್ ಎಲೆ ಒಂದು ಹಿಡಿ ತೆಗೆದೆ. ಅದರಡಿ ಕಪ್ಪಾಗಿ ಒಣಗಿದ ಮೂರು ಕಾಫಿ ಹಣ್ಣು, ಒಂದಕ್ಕೆ ಇರುವೆ ಹತ್ತಿತ್ತು. ಆ ಹಣ್ಣುಗಳ ನಡುವೆ ಅರ್ಧ ನಿಂತ ಹಾಗೆ ಉಂಗುರ. ಒಂದು ಕಡ್ಡಿ ಅದರೊಳಗೆ ತೂರಿತ್ತು. ನಾನು ಮುಟ್ಟಲಿಲ್ಲ. "ಅತ್ತೆ, ಬನ್ನಿ ಇಲ್ಲಿ" ಅಂದೆ.

ಅತ್ತೆ ಬಗ್ಗಿ, ಕಡ್ಡಿ ಸಮೇತ ಎತ್ತಿದರು. ಸೆರಗಲ್ಲಿ ಒರೆಸಿದರು. ಬೆರಳಿಗೆ ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಸೆರಗಿನ ತುದಿಯಲ್ಲೇ ಇಟ್ಟು ಎರಡು ಗಂಟು ಬಿಗಿದರು. "ಈಗ ಹೇಳು, ದಾರ ಸುತ್ತಿಕೋ ಅಂತ" ಅಂದರು. ನಾನೇನೂ ಹೇಳಲಿಲ್ಲ. ಬೇಲಿಯ ಟಕ್ ಟಕ್ ಮತ್ತೆ ಶುರುವಾಯಿತು; ರೈಟರು ಮಾತಿನಂತೆ ಗಂಟೆಗೆ ಸರಿಯಾಗಿ ಹಾಕಿದ್ದರು.

ಅವರು ಬಂದು ಯಂತ್ರವನ್ನು ಮೇಲಿಂದ ಕೆಳಗೆ ನೋಡಿದರು. ಉಂಗುರದ ವಿಷಯ ಕೇಳಿ ತಲೆಯಾಡಿಸಿದರು, ಅಷ್ಟೇ. "ಸರ್, ಸ್ಪ್ರಿಂಕ್ಲರ್ ಲೈನಿನ ಗೇಟ್‌ವಾಲ್ವು ಎರಡು ಮಣ್ಣಲ್ಲಿ ಮುಚ್ಚೋಗಿದೆ. ಹೋದ ವರ್ಷ ಅರ್ಧ ದಿನ ಅಗೆದ್ವಿ, ಸಿಗಲಿಲ್ಲ. ಕಬ್ಬಿಣದ್ದೇ. ಇದಕ್ಕೆ ಕೇಳ್ಸುತ್ತಾ?"

ಕಬ್ಬಿಣದ ಬಾಯಿ ಮುಚ್ಚಿಸಿದ್ದ ಗುಂಡಿಯನ್ನು ಮತ್ತೆ ಒತ್ತಿ ಬಿಡಿಸಿದೆ. "ಬೇಲಿ ಆಫ್ ಮಾಡಿ" ಅಂದೆ.